ಮಲೆನಾಡಿನ ಮನೆಯಲ್ಲಿ ಗೋಲ್ಡ್ ಫಿಶ್ ಮತ್ತು ಜೋಡಿ ಸ್ಪಂಜ್ ಫಿಲ್ಟರ್: ಮೂರು ಮಳೆಗಾಲಗಳ ಬಳಕೆಯ ನಂತರ

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ 120 ಲೀಟರಿನ ಗಾಜಿನ ತೊಟ್ಟಿಯಿದ್ದು, ಅದರಲ್ಲಿ ಎರಡು ಒರಾಂಡಾ ಗೋಲ್ಡ್ ಫಿಶ್‌ಗಳನ್ನು ಸಾಕಿದ್ದೇವೆ. ಆ ತೊಟ್ಟಿಗೆಂದು ಶಿವಮೊಗ್ಗದ ಅಂಗಡಿಯೊಂದರಿಂದ ತಂದ, ಏರ್ ಪಂಪಿನಿಂದ ನಡೆಯುವ ಜೋಡಿ ಸ್ಪಂಜ್ ಫಿಲ್ಟರ್ ಮೂರು ಮಳೆಗಾಲಗಳನ್ನು ಕಳೆದಿದೆ. ಅಂಗಡಿಗಳಲ್ಲಿ ಇದನ್ನು ಮರಿ ಸಾಕುವ ತೊಟ್ಟಿಗಷ್ಟೇ ಸಾಕಾಗುವ ಅಗ್ಗದ ಸಾಮಾನೆಂದು ಮೂಲೆಯಲ್ಲಿ ಇಟ್ಟಿರುತ್ತಾರೆ. ನಮ್ಮ ಕಡೆಯ ನೀರಿಗೂ ಕರೆಂಟಿಗೂ ಇದಕ್ಕಿಂತ ಹೊಂದುವ ಫಿಲ್ಟರ್ ಬೇರೆಯಿಲ್ಲ ಎಂಬುದು ನನ್ನ ಅಭಿಪ್ರಾಯ.

ಗೋಲ್ಡ್ ಫಿಶ್ ಕಾರ್ಪ್ ಕುಟುಂಬದ ಮೀನು. ಅದಕ್ಕೆ ಜಠರವೆಂಬುದಿಲ್ಲ, ತಿಂದದ್ದು ನೇರವಾಗಿ ಕರುಳಿಗೆ ಸಾಗುವುದರಿಂದ ಸದಾ ಮೇಯುತ್ತಲೇ ಇರುತ್ತದೆ, ಅದೇ ಪ್ರಮಾಣದಲ್ಲಿ ಕಲ್ಮಶವನ್ನೂ ಬಿಡುತ್ತದೆ. ಕಣ್ಣಿಗೆ ಕಾಣುವ ಹಿಕ್ಕೆಗಿಂತ ಹೆಚ್ಚು ಅಪಾಯಕಾರಿಯಾದದ್ದು ಕಿವಿರುಗಳ ಮೂಲಕ ಹೊರಬರುವ ಅಮೋನಿಯಾ. ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಅದು ಇಲ್ಲವೆಂದು ಹೇಳಲಾಗದು. ಸ್ಪಂಜಿನ ರಂಧ್ರಗಳಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ನಂತರ ಅಷ್ಟೇನೂ ಹಾನಿಕರವಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಕೊಳವೆಯಲ್ಲಿ ಮೇಲೇರುವ ಗುಳ್ಳೆಗಳು ನೀರನ್ನು ಸ್ಪಂಜಿನ ಮೂಲಕ ಎಳೆದುಕೊಳ್ಳುವುದಷ್ಟೇ ಈ ಉಪಕರಣದ ಒಟ್ಟು ತಂತ್ರ. ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕಾಗುತ್ತದೆ, ಚಳಿಗಾಲದಲ್ಲಿ ಇನ್ನೂ ತಡವಾಗುತ್ತದೆ. ಅಲ್ಲಿಯವರೆಗೆ ಅಮೋನಿಯಾ ಪರೀಕ್ಷೆಯ ಕಿಟ್ ಇಲ್ಲದೆ ಯಾವ ಫಿಲ್ಟರನ್ನೂ ನಂಬಬಾರದು.

ಇದರ ನಿಜವಾದ ಯೋಗ್ಯತೆ ತಿಳಿದದ್ದು ಕರೆಂಟು ಹೋದಾಗ. ಆಗುಂಬೆಯ ಕಡೆ ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಆಷಾಢದ ಗಾಳಿಗೆ ಮರ ಬಿದ್ದು ತಂತಿ ಹರಿದರೆ ಕರೆಂಟು ಮರುದಿನ ಬಂದರೂ ಬೇಗ ಬಂತೆಂದೇ ಲೆಕ್ಕ. ಮುಚ್ಚಿದ ಡಬ್ಬಿಯೊಳಗೆ ನೀರು ಹರಿಸುವ ಫಿಲ್ಟರುಗಳಲ್ಲಿ ಹರಿವು ನಿಂತ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯತೊಡಗುತ್ತವೆ. ಸ್ಪಂಜ್ ತೊಟ್ಟಿಯ ನೀರಿನಲ್ಲೇ ತೆರೆದುಕೊಂಡಿರುವುದರಿಂದ ಆ ಗಂಡಾಂತರ ಇಲ್ಲಿ ಕಡಿಮೆ. ಜೊತೆಗೆ ಸಣ್ಣ ಏರ್ ಪಂಪಿಗೆ ಬೇಕಾದದ್ದು ಕೆಲವೇ ವಾಟ್ ಆದ್ದರಿಂದ, ಮನೆಯ ಇನ್ವರ್ಟರಿಗೆ ಜೋಡಿಸಿದರೆ ಮೀನಿಗೂ ಬ್ಯಾಕ್ಟೀರಿಯಾಕ್ಕೂ ರಾತ್ರಿಯಿಡೀ ಗಾಳಿ ಸಿಗುತ್ತದೆ. ಒಂದು ಎಚ್ಚರ ಮಾತ್ರ ಬೇಕು: ಪಂಪನ್ನು ನೀರಿನ ಮಟ್ಟಕ್ಕಿಂತ ಎತ್ತರದಲ್ಲಿ ಇಡಬೇಕು, ಇಲ್ಲವೇ ಕೊಳವೆಗೆ ನಾನ್ ರಿಟರ್ನ್ ವಾಲ್ವ್ ಹಾಕಬೇಕು, ಹಾಗೆ ಮಾಡದಿದ್ದರೆ ಕರೆಂಟು ಹೋದ ಕೂಡಲೇ ತೊಟ್ಟಿಯ ನೀರು ಕೊಳವೆಯಲ್ಲಿ ಹಿಮ್ಮುಖವಾಗಿ ಹರಿದು ಪಂಪಿನೊಳಗೆ ಸೇರಬಹುದು. ಆ ವಾಲ್ವು ಪೆಟ್ಟಿಗೆಯಲ್ಲಿ ಬರುವುದಿಲ್ಲ, ಬರಬೇಕಿತ್ತು.

ಎರಡನೆಯದು ನೀರಿನ ವಿಚಾರ. ನಾವು ಬಳಸುವುದು ಬಾವಿಯ ನೀರು, ಕ್ಲೋರಿನ್ನಿನ ತಾಪತ್ರಯವಿಲ್ಲ. ನಲ್ಲಿ ನೀರು ಬಳಸುವವರು ಕ್ಲೋರಿನ್ ಕಳೆಯುವ ಸೋಡಿಯಂ ಥಯೋಸಲ್ಫೇಟ್ ದ್ರಾವಣವನ್ನು ಬೆರೆಸಿಯೇ ತೊಟ್ಟಿಗೆ ಹಾಕಬೇಕು. ಆದರೆ ನಮ್ಮ ಬಾವಿಯ ನೀರು ಬಹಳ ಮೆದು, ಅದರಲ್ಲಿ ಸುಣ್ಣದ ಅಂಶ ಕಡಿಮೆ. ಬ್ಯಾಕ್ಟೀರಿಯಾಗಳು 1 ಮಿ.ಗ್ರಾಂ ಅಮೋನಿಯಾ ಸಾರಜನಕವನ್ನು ಮಾರ್ಪಡಿಸುವಾಗ ಸುಮಾರು 7 ಮಿ.ಗ್ರಾಂ ಕ್ಯಾಲ್ಸಿಯಂ ಕಾರ್ಬೋನೇಟಿಗೆ ಸಮನಾದ ಕ್ಷಾರತೆಯನ್ನು, ಅಂದರೆ ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿಯನ್ನು, ಬಳಸಿಕೊಳ್ಳುತ್ತವೆ. ಹೀಗಾಗಿ ಫಿಲ್ಟರ್ ಚೆನ್ನಾಗಿ ಕೆಲಸ ಮಾಡಿದಷ್ಟೂ ಮೆದು ನೀರಿನ ಪಿಎಚ್ (ಆಮ್ಲ-ಕ್ಷಾರ ಗುಣದ ಅಳತೆ; 7ಕ್ಕಿಂತ ಕೆಳಗಿಳಿದರೆ ನೀರು ಆಮ್ಲೀಯ) ಇಳಿಯುತ್ತಾ ಹೋಗಿ, 6ರ ಹತ್ತಿರ ಬಂದಾಗ ಬ್ಯಾಕ್ಟೀರಿಯಾಗಳ ಕೆಲಸವೇ ಬಹುತೇಕ ನಿಂತುಹೋಗುತ್ತದೆ. ಇದಕ್ಕಾಗಿ ತೊಳೆದ ಕಪ್ಪೆಚಿಪ್ಪಿನ ಚೂರುಗಳನ್ನು ಬಲೆಯ ಚೀಲದಲ್ಲಿ ಕಟ್ಟಿ, ಗುಳ್ಳೆಗಳು ನೀರನ್ನು ಕಲಕುವ ಜಾಗದಲ್ಲೇ ತೂಗುಬಿಟ್ಟಿದ್ದೇನೆ. ಚಿಪ್ಪು ನಿಧಾನವಾಗಿ ಕರಗಿ ಪಿಎಚ್ ಅನ್ನು 7ರ ಮೇಲೆ ಹಿಡಿದಿಡುತ್ತದೆ. ಎಲೆಯಡಿಕೆಯ ಸುಣ್ಣವನ್ನೇ ಚಿಟಿಕೆ ಹಾಕಿದರಾಯಿತೆಂದು ಸಲಹೆ ಕೊಡುವವರಿದ್ದಾರೆ. ಸುಟ್ಟ ಸುಣ್ಣ ಪಿಎಚ್ ಅನ್ನು ಒಮ್ಮೆಲೇ ಏರಿಸುತ್ತದೆ, ಪಿಎಚ್ ಏರಿದಂತೆ ಅಮೋನಿಯಾದ ವಿಷವೂ ಹೆಚ್ಚುತ್ತದೆ, ಖಂಡಿತ ಬೇಡ.

ಇದರಿಂದ ಆಗದ ಕೆಲಸವೂ ಇದೆ. ತಳಕ್ಕೆ ಬಿದ್ದ ಹಿಕ್ಕೆಯನ್ನು ಇದು ಎತ್ತುವುದಿಲ್ಲ. ವಾರಕ್ಕೊಮ್ಮೆ ಕೊಳವೆಯಿಂದ ತಳವನ್ನು ಎಳೆದು ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ನೀರು ಬದಲಿಸುವುದು ಅನಿವಾರ್ಯ; ನೈಟ್ರೇಟ್ ಹೊರಹೋಗುವ ದಾರಿಯೂ ಅದೇ. ಬಾವಿಯಿಂದ ಸೇದಿದ ನೀರನ್ನು ರಾತ್ರಿಯಿಡೀ ಏರ್ ಸ್ಟೋನ್ (ಪಂಪಿನ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ರಂಧ್ರಗಳ ಕಲ್ಲು) ಹಾಕಿ ಬಿಟ್ಟು, ತೊಟ್ಟಿಯ ನೀರಿನಷ್ಟೇ ಬಿಸಿಗೆ ಬಂದ ಮೇಲೆ ಸೇರಿಸುತ್ತೇನೆ.

ಸ್ಪಂಜನ್ನು ತೊಳೆಯುವುದಕ್ಕೂ ಕ್ರಮವಿದೆ. ತೊಟ್ಟಿಯಿಂದ ತೆಗೆದ ನೀರನ್ನೇ ಬಕೆಟಿನಲ್ಲಿಟ್ಟುಕೊಂಡು ಅದರಲ್ಲಿ ಹಿಂಡಿದರೆ ಕಷಾಯದಂತಹ ಕಂದು ನೀರು ಇಳಿಯುತ್ತದೆ. ಮೂರ್ನಾಲ್ಕು ಬಾರಿ ಹಿಂಡಿ ನಿಲ್ಲಿಸಬೇಕು, ಬೆಳ್ಳಗಾಗುವವರೆಗೆ ತಿಕ್ಕಬಾರದು. ಜೋಡಿ ಸ್ಪಂಜಿನ ಅನುಕೂಲ ಗೊತ್ತಾಗುವುದು ಇಲ್ಲಿಯೇ: ಒಂದನ್ನು ತೊಳೆದ ವಾರ ಇನ್ನೊಂದನ್ನು ಮುಟ್ಟದಿದ್ದರೆ ಬ್ಯಾಕ್ಟೀರಿಯಾಗಳ ನೆಲೆ ಕೆಡುವುದಿಲ್ಲ.

ಸ್ಪಂಜುಗಳು ಇನ್ನೂ ಗಟ್ಟಿಯಾಗಿವೆ. ಸವೆದದ್ದು ಪಂಪಿನೊಳಗಿನ ರಬ್ಬರ್ ಪೊರೆ; ಗುಳ್ಳೆ ಸಣ್ಣಗಾಗಿ ಪಂಪಿನ ಗುಂಯ್‌ಗುಡುವಿಕೆ ಜೋರಾದಾಗ ಅದನ್ನು ಬದಲಿಸಬೇಕಾಯಿತು. ಮಲಗುವ ಕೋಣೆಯಲ್ಲಿ ತೊಟ್ಟಿ ಇಡುವವರಿಗೆ ಗುಳ್ಳೆಯ ಸದ್ದು ಹಿಡಿಸದಿರಬಹುದು. ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ ಆ ವಾಲ್ವ್ ಕೊಡದ ಜಿಪುಣತನಕ್ಕೆ. ಹೊಸದಾಗಿ ಗೋಲ್ಡ್ ಫಿಶ್ ತರುವವರು ಪರಿಚಯದವರಲ್ಲಿ ರೋಗವಿಲ್ಲದ ಹಳೆಯ ತೊಟ್ಟಿಯಿದ್ದರೆ, ತಮ್ಮ ಫಿಲ್ಟರನ್ನು ಮೊದಲು ಅದರಲ್ಲೇ ಒಂದೂವರೆ ತಿಂಗಳು ಓಡಿಸಿ, ಸ್ಪಂಜ್ ಒಣಗದಂತೆ ಅದೇ ನೀರಿನಲ್ಲಿ ಮುಳುಗಿಸಿಟ್ಟು ಮನೆಗೆ ತರಬಹುದು.