ಧ್ರುವಪ್ರಭೆಗಾಗಿ ಕಾಯುವವರಿಗೆ ಎನ್‌ಒಎಎ ಮುನ್ಸೂಚನೆಯನ್ನು ಎಷ್ಟು ನಂಬಬಹುದು: ಎರಡು ವರ್ಷಗಳ ಬಳಕೆಯ ನಂತರ

ಸೂರ್ಯನಲ್ಲಿ ದೊಡ್ಡ ಸ್ಫೋಟವಾಗಿದೆ ಎಂಬ ಸುದ್ದಿ ಕಿವಿಗೆ ಬಿದ್ದ ತಕ್ಷಣ ಧ್ರುವಪ್ರಭೆಗಾಗಿ, ಅಂದರೆ ಧ್ರುವಗಳ ಕಡೆಯ ರಾತ್ರಿ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕಿಗಾಗಿ, ಕಾಯುವವರ ಮನಸ್ಸಿನಲ್ಲಿ ಮೂಡುವ ಪ್ರಶ್ನೆಗಳು ಮೂರು: ಅಲ್ಲಿಂದ ಹೊರಟದ್ದು ಭೂಮಿಯ ಕಡೆಗೆ ಬರುತ್ತಿದೆಯೇ, ಬಂದರೆ ಯಾವ ಹೊತ್ತಿಗೆ ಬರುತ್ತದೆ, ಬಂದ ಮೇಲೆ ಆಕಾಶ ಬೆಳಗುತ್ತದೆಯೇ. ಈ ಮೂರಕ್ಕೂ ಹಗಲಿರುಳು ಉತ್ತರ ಹುಡುಕುವ ಸಾರ್ವಜನಿಕ ಸೇವೆಗಳಲ್ಲಿ ಪ್ರಮುಖವಾದುದು, ಅಮೆರಿಕದ ಸಾಗರ ಮತ್ತು ವಾತಾವರಣ ವಿಭಾಗವಾದ ಎನ್‌ಒಎಎ ಸಂಸ್ಥೆಯು ಕೊಲರಾಡೊದ ಬೌಲ್ಡರ್ ನಗರದಿಂದ ನಡೆಸುವ ಬಾಹ್ಯಾಕಾಶ ಹವಾಮಾನ ಮುನ್ಸೂಚನಾ ಕೇಂದ್ರ. ಇದಕ್ಕೆ ಹಣ ಕೊಡಬೇಕಾಗಿಲ್ಲ. ಎರಡು ವರ್ಷ ನಿತ್ಯ ಬಳಸಿದ ಅನುಭವದ ಮೇಲೆ ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಮೊದಲ ಪ್ರಶ್ನೆಗೆ ಈ ಸೇವೆ ಬಹುಮಟ್ಟಿಗೆ ಸರಿಯಾದ ಉತ್ತರ ಕೊಡುತ್ತದೆ, ಎರಡನೆಯದಕ್ಕೆ ಅರ್ಧ ದಿನ ಆಚೀಚೆಯಾಗುವ ಉತ್ತರ ಕೊಡುತ್ತದೆ, ಮೂರನೆಯದಕ್ಕೆ ಕೊನೆಯ ಒಂದು ಗಂಟೆಯವರೆಗೆ ಖಚಿತವಾಗಿ ಉತ್ತರಿಸಲು ಯಾರಿಂದಲೂ ಆಗದು, ಮತ್ತು ಆ ಮಿತಿಯನ್ನು ಈ ಸೇವೆ ಮುಚ್ಚಿಡುವುದಿಲ್ಲ.

ಮುನ್ಸೂಚನೆ ಶುರುವಾಗುವುದು ಕರೋನಾಗ್ರಾಫ್ ಚಿತ್ರಗಳಿಂದ. 1995ರಲ್ಲಿ ಹಾರಿದ ಸೋಹೊ ನೌಕೆಯ ಲ್ಯಾಸ್ಕೊ ಉಪಕರಣ ಸೂರ್ಯನ ಉರಿಯುವ ತಟ್ಟೆಯನ್ನು ಒಂದು ಬಿಲ್ಲೆಯಿಂದ ಮರೆಮಾಡಿ ಸುತ್ತಲಿನ ಮಸುಕು ಹೊರವಾತಾವರಣವಾದ ಕರೋನಾವನ್ನು ತೋರಿಸುತ್ತದೆ. ನೂರಾರು ಕೋಟಿ ಟನ್ ಪ್ಲಾಸ್ಮಾ (ವಿದ್ಯುದಾವೇಶ ಹೊತ್ತ ಬಿಸಿ ಅನಿಲ) ತನ್ನ ಕಾಂತಕ್ಷೇತ್ರವನ್ನೂ ಹೊತ್ತು ಹೊರಚಿಮ್ಮುವುದನ್ನು ಕರೋನಲ್ ಮಾಸ್ ಇಜೆಕ್ಷನ್, ಚಿಕ್ಕದಾಗಿ ಸಿಎಂಇ ಎನ್ನುತ್ತಾರೆ. ಅದು ಒಂದು ಪಕ್ಕಕ್ಕೆ ಮಾತ್ರ ಚಾಚಿಕೊಂಡರೆ ನಮಗೆ ಸಂಬಂಧವಿಲ್ಲ. ಬಿಲ್ಲೆಯ ಸುತ್ತ ಎಲ್ಲ ದಿಕ್ಕಿಗೂ ಬೆಳ್ಳನೆಯ ಉಂಗುರ ಊದಿಕೊಳ್ಳುತ್ತ ಹೋದರೆ ಅದು ನಮ್ಮತ್ತ ಬರುತ್ತಿರಬಹುದು, ಅಥವಾ ಸೂರ್ಯನ ಹಿಂಬದಿಯಿಂದ ನಮಗೆ ಬೆನ್ನು ಹಾಕಿ ಹೋಗುತ್ತಿರಬಹುದು. ಎರಡೂ ಚಿತ್ರದಲ್ಲಿ ಒಂದೇ ರೀತಿ ಕಾಣುವುದರಿಂದ, ಅದೇ ಹೊತ್ತಿಗೆ ಸೂರ್ಯನ ನಮ್ಮ ಕಡೆಯ ಮುಖದಲ್ಲಿ ಜ್ವಾಲೆಯೋ (ಹಠಾತ್ ಬೆಳಕಿನ ಸ್ಫೋಟ) ಪ್ಲಾಸ್ಮಾ ತಂತುವೊಂದರ ಸಿಡಿತವೋ ಕಂಡಿತೇ ಎಂದು ಮುನ್ಸೂಚಕರು ಬೇರೆ ಚಿತ್ರಗಳೊಡನೆ ತಾಳೆ ನೋಡುತ್ತಾರೆ. ಸುದ್ದಿವಾಹಿನಿಗಳು ಜ್ವಾಲೆಯ ದರ್ಜೆಯನ್ನೇ ದೊಡ್ಡದಾಗಿ ಹೇಳುತ್ತವೆ. ಧ್ರುವಪ್ರಭೆಯ ಮಟ್ಟಿಗೆ ಜ್ವಾಲೆಗಿಂತ ಅದರ ಜೊತೆಗೆ ಹೊರಟ ಸಿಎಂಇ ಮುಖ್ಯ, ಸಿಎಂಇ ಇಲ್ಲದ ದೊಡ್ಡ ಜ್ವಾಲೆಗಳೂ ಇವೆ.

ಆಮೇಲೆ ಅಳೆದ ವೇಗ, ಅಗಲ ಮತ್ತು ದಿಕ್ಕನ್ನು ಡಬ್ಲ್ಯುಎಸ್‌ಎ-ಎನ್‌ಲಿಲ್ ಎಂಬ ಗಣಕ ಮಾದರಿಗೆ ಉಣಿಸುತ್ತಾರೆ. ಇದರ ಚಲಿಸುವ ಚಿತ್ರವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ: ನಡುವೆ ಸೂರ್ಯ, ಬಲಗಡೆ ಹಸಿರು ಚುಕ್ಕೆಯಾಗಿ ಭೂಮಿ, ಸೌರ ಮಾರುತದ, ಅಂದರೆ ಸೂರ್ಯನಿಂದ ಸದಾ ಹೊರಹರಿಯುವ ಕಣಪ್ರವಾಹದ, ಸುರುಳಿಗಳನ್ನು ಸೀಳಿಕೊಂಡು ಬರುವ ಒಂದು ದಪ್ಪ ಕಮಾನು. ಆ ಕಮಾನಿನ ನಡುಭಾಗ ಚುಕ್ಕೆಯನ್ನು ಹಾಯುತ್ತದೆಯೋ, ಅಂಚು ಮಾತ್ರ ಸವರುತ್ತದೆಯೋ ಎಂಬುದನ್ನು ಕಣ್ಣಾರೆ ನೋಡಬಹುದು. ವೇಗದ ಸಿಎಂಇ ಹದಿನೈದರಿಂದ ಹದಿನೆಂಟು ಗಂಟೆಗಳಲ್ಲಿ ತಲುಪಿದರೆ ನಿಧಾನದ್ದು ಹಲವು ದಿನ ತೆಗೆದುಕೊಳ್ಳುತ್ತದೆ, ಮತ್ತು ಮಾದರಿ ಹೇಳಿದ ಸಮಯಕ್ಕೂ ನಿಜವಾಗಿ ಬಂದ ಸಮಯಕ್ಕೂ ಹತ್ತು ಗಂಟೆಗಳ ಅಂತರವಿರುವುದು ಸಾಮಾನ್ಯ. ಚಿತ್ರ ಅಷ್ಟು ನಯವಾಗಿರುವುದರಿಂದಲೇ ಅದನ್ನು ರೈಲು ವೇಳಾಪಟ್ಟಿಯಂತೆ ಓದುವ ತಪ್ಪನ್ನು ಹೊಸಬರು ಮಾಡುತ್ತಾರೆ; ನಾನೂ ಮಾಡಿದ್ದೇನೆ.

ಹಳೆಯ ಮೂರು ಪ್ರಸಂಗಗಳನ್ನು ನೋಡಿದರೆ ಈ ಕೆಲಸದ ಕಷ್ಟ ಅರ್ಥವಾಗುತ್ತದೆ. 2014ರ ಜನವರಿ 7ರಂದು ಸೂರ್ಯನ ಮುಖದ ನಡುಭಾಗದ ಸಮೀಪದಿಂದ ಅತಿವೇಗದ ಸಿಎಂಇ ಹೊರಟಿತು. ಬಲವಾದ ಭೂಕಾಂತೀಯ ಬಿರುಗಾಳಿ (ಭೂಮಿಯ ಕಾಂತಕ್ಷೇತ್ರದ ಕಲಕಾಟ) ನಿಶ್ಚಿತವೆಂದೇ ತೋರಿತು, ಆದರೆ ಭೂಮಿಗೆ ತಾಗಿದ್ದು ಅದರ ಅಂಚು ಮಾತ್ರ. ಸೂರ್ಯನ ಬಳಿಯ ಪ್ರಬಲ ಕಾಂತಕ್ಷೇತ್ರಗಳು ಅದನ್ನು ಆರಂಭದಲ್ಲೇ ಪಕ್ಕಕ್ಕೆ ತಳ್ಳಿದ್ದವೆಂದು ನಂತರದ ಅಧ್ಯಯನ ತೋರಿಸಿತು. 2015ರ ಮಾರ್ಚ್‌ನಲ್ಲಿ ಇದಕ್ಕೆ ವಿರುದ್ಧವಾದದ್ದು ಸಂಭವಿಸಿತು: 15ರಂದು ಹೊರಟ ಸಿಎಂಇ ಪಕ್ಕದಿಂದ ಸವರಿ ಹೋಗುತ್ತದೆಂದು ನಿರೀಕ್ಷಿಸಿ ಬಿರುಗಾಳಿಯ ಐದು ದರ್ಜೆಗಳಲ್ಲಿ ತೀರಾ ಕೆಳಗಿನ ಜಿ1 ಮುನ್ಸೂಚನೆ ಕೊಟ್ಟಿದ್ದರು, ಅದು ಹೇಳಿದ ಹೊತ್ತಿಗಿಂತ ಮೊದಲೇ, 17ರಂದು ಬಂದು ಜಿ4 ಬಿರುಗಾಳಿಯಾಯಿತು. 2024ರ ಮೇ ತಿಂಗಳಲ್ಲಿ ಒಂದೇ ಸೌರಕಲೆ ಗುಂಪಿನಿಂದ ಹಲವು ಸಿಎಂಇಗಳು ಸಾಲಾಗಿ ಹೊರಟಾಗ ಕೇಂದ್ರವು 2005ರ ನಂತರ ಮೊದಲ ಬಾರಿಗೆ ಜಿ4 ಮುನ್ನೆಚ್ಚರಿಕೆ ಕೊಟ್ಟಿತು. ಬಂದದ್ದು ಜಿ5, 2003ರ ಅಕ್ಟೋಬರ್ ನಂತರ ಮೊದಲನೆಯದು. ಒಂದು ಮೆಟ್ಟಿಲು ಕಡಿಮೆ ಹೇಳಿದರೆಂದು ದೂರುವವರಿದ್ದಾರೆ. ಸೂರ್ಯನಿಂದ ಹದಿನೈದು ಕೋಟಿ ಕಿಲೋಮೀಟರ್ ಹಾದಿಯಲ್ಲಿ ಒಂದರ ಬೆನ್ನಿಗೆ ಒಂದು ಬಂದು ಸೇರಿಕೊಳ್ಳುವ ಮೋಡಗಳ ವಿಷಯದಲ್ಲಿ ಅಷ್ಟು ಹತ್ತಿರ ಹೇಳಿದ್ದನ್ನು ನಾನು ದೊಡ್ಡ ಸಾಧನೆಯೆಂದೇ ಎಣಿಸುತ್ತೇನೆ.

ಇನ್ನು ಮೂರನೆಯ ಪ್ರಶ್ನೆ. ಸಿಎಂಇ ನೇರವಾಗಿ ಬಂದು ಬಡಿದರೂ ಅದರೊಳಗಿನ ಕಾಂತಕ್ಷೇತ್ರ ದಕ್ಷಿಣಕ್ಕೆ ಮುಖ ಮಾಡಿದ್ದರೆ ಮಾತ್ರ ಭೂಮಿಯ ಕಾಂತಕ್ಷೇತ್ರದೊಡನೆ ಬೆಸೆದುಕೊಂಡು ಶಕ್ತಿಯನ್ನು ಧಾರಾಳವಾಗಿ ಒಳಗೆ ಬಿಡುತ್ತದೆ. ಉತ್ತರಕ್ಕೆ ಮುಖ ಮಾಡಿದ್ದರೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿಯೇ ಇರುತ್ತದೆ. ಈ ದಿಕ್ಕನ್ನು ಸೂಚಿಸುವ ಅಳತೆಗೆ ಬಿಝಡ್ ಎಂದು ಹೆಸರು. ದೂರದಿಂದ ತೆಗೆದ ಯಾವ ಚಿತ್ರವೂ ಇದನ್ನು ತೋರಿಸದು. ಭೂಮಿಯಿಂದ ಸೂರ್ಯನತ್ತ 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವಿನಲ್ಲಿರುವ ನೌಕೆಗಳ ಮೇಲೆ ಮೋಡ ಹಾಯ್ದಾಗ ಮಾತ್ರ ಅದು ತಿಳಿಯುತ್ತದೆ. ಅಲ್ಲಿಂದ ಇಲ್ಲಿಗೆ ಸೆಕೆಂಡಿಗೆ 400 ಕಿಲೋಮೀಟರ್ ವೇಗದಲ್ಲಿ ಒಂದು ಗಂಟೆಯ ಹಾದಿ, 800 ಆದರೆ ಅರ್ಧ ಗಂಟೆಯದು.

ಒಂದು ರಾತ್ರಿಯ ವಿಷಯ ಹೇಳಬೇಕು. ಎನ್‌ಒಎಎ ದತ್ತಾಂಶವನ್ನೇ ಬಳಸುವ, ಹೆಸರು ಹೇಳಲಿಚ್ಛಿಸದ ಒಂದು ಮೊಬೈಲ್ ಆ್ಯಪ್ ಸಂಜೆಯ ಹೊತ್ತಿಗೆ ಕೆಪಿ 7 (ಸೊನ್ನೆಯಿಂದ ಒಂಬತ್ತರವರೆಗಿನ ಭೂಕಾಂತೀಯ ಕಲಕಾಟದ ಅಳತೆ) ಎಂದು ಸೂಚನೆ ಕಳಿಸಿತು. ಬೆಳಕಿಲ್ಲದ ಜಾಗಕ್ಕೆ ಹೋಗಿ, ಕ್ಯಾಮೆರಾ ನಿಲ್ಲಿಸಿ ಬೆಳಗಿನ ಜಾವದವರೆಗೆ ಕಾದೆ. ಆಕಾಶ ನಿರ್ಮಲವಾಗಿತ್ತು, ಏನೂ ಕಾಣಲಿಲ್ಲ, ಆ್ಯಪ್‌ನಲ್ಲಿ ಮಾತ್ರ 7 ಹಾಗೆಯೇ ಹೊಳೆಯುತ್ತಿತ್ತು. ಕೇಂದ್ರದ ಸೌರ ಮಾರುತದ ನಕ್ಷೆ ತೆರೆದಾಗ ಕಾರಣ ಎದುರಿಗೇ ಇತ್ತು: ಸಿಎಂಇ ಮೋಡ ಸರಿಯಾಗಿಯೇ ಬಂದಿತ್ತು, ವೇಗ ಜಿಗಿದಿತ್ತು, ಆದರೆ ಬಿಝಡ್‌ನ ಕೆಂಪು ಗೆರೆ ಸೊನ್ನೆಗಿಂತ ಮೇಲೆಯೇ, ಅಂದರೆ ಉತ್ತರ ದಿಕ್ಕಿನ ಕಡೆಯೇ, ಗಟ್ಟಿಯಾಗಿ ಕುಳಿತಿತ್ತು. ಆ್ಯಪ್ ತೋರಿಸಿದ್ದು ಎರಡು ದಿನಗಳ ಹಿಂದಿನ ಅಂದಾಜನ್ನು, ಅದೂ ಅಂದಾಜೆಂದು ಹೇಳದೆ. ಕೆಪಿ ಎಂಬುದು ಹದಿಮೂರು ವೀಕ್ಷಣಾಲಯಗಳ ಅಳತೆಯಿಂದ ಮೂರು ಗಂಟೆಗೊಮ್ಮೆ ಕಟ್ಟುವ ಜಾಗತಿಕ ಸೂಚ್ಯಂಕ. ಹತ್ತಿಪ್ಪತ್ತು ನಿಮಿಷ ಉಕ್ಕಿ ಇಳಿಯುವ ಬೆಳಕನ್ನು ಅದರಿಂದ ಹಿಡಿಯುವುದು ಸಾಧ್ಯವಿಲ್ಲ.

ಆದ್ದರಿಂದ ಈ ಸೇವೆಯನ್ನು ಮಧ್ಯವರ್ತಿಗಳಿಲ್ಲದೆ ನೇರವಾಗಿ ಓದಬೇಕೆಂಬುದು ನನ್ನ ಒತ್ತಾಯ. ಇಲ್ಲಿ ವಾಚ್ ಎಂದರೆ ಸಿಎಂಇ ಹೊರಟಿದೆ, ಒಂದೆರಡು ದಿನಗಳಲ್ಲಿ ಬರಬಹುದು ಎಂದು. ವಾರ್ನಿಂಗ್ ಎಂದರೆ ಬಿರುಗಾಳಿ ಬಹುತೇಕ ಬಾಗಿಲಲ್ಲಿದೆ ಎಂದು. ಅಲರ್ಟ್ ಎಂದರೆ ಆ ಮಟ್ಟವನ್ನು ಈಗಾಗಲೇ ಮುಟ್ಟಿದೆ ಎಂದು. ಆ್ಯಪ್‌ಗಳು ಮೂರನ್ನೂ ಒಂದೇ ಸದ್ದಿನಲ್ಲಿ ಕೂಗುತ್ತವೆ. ದಿನಕ್ಕೆರಡು ಬಾರಿ ಪ್ರಕಟವಾಗುವ ಮುನ್ಸೂಚನಾ ಟಿಪ್ಪಣಿ ಈ ಸೇವೆಯ ಅತ್ಯುತ್ತಮ ಭಾಗ: ಮಾದರಿ ಏನು ಹೇಳಿತು, ವಿಶ್ವಾಸ ಎಷ್ಟು, ಅನುಮಾನ ಎಲ್ಲಿ ಎಂಬುದನ್ನು ಮನುಷ್ಯರೇ ಕುಳಿತು ಬರೆದಿರುತ್ತಾರೆ. ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಂಚಿತವಾಗಿ ಧ್ರುವದ ಸುತ್ತಲಿನ ಪ್ರಭೆಯನ್ನು ಹಸಿರು ಉಂಗುರವಾಗಿ ತೋರಿಸುವ ಓವೇಶನ್ ನಕ್ಷೆಯೂ ಉಪಯುಕ್ತ, ಆದರೆ ಬೆಳಕು ನೂರಾರು ಕಿಲೋಮೀಟರ್ ಎತ್ತರದಲ್ಲಿರುವುದರಿಂದ ಉಂಗುರದ ಹೊರಗೆ ಬಹುದೂರ ನಿಂತವರಿಗೂ ದಿಗಂತದಲ್ಲಿ ಅದು ಕಾಣಬಹುದೆಂಬುದು ಆ ಬಣ್ಣಗಳನ್ನಷ್ಟೇ ನೋಡಿದವರಿಗೆ ಹೊಳೆಯುವುದಿಲ್ಲ.

ಕೊರತೆಗಳೂ ಇವೆ. ಎಲ್ಲವೂ ವಿಶ್ವ ಸಮಯದಲ್ಲಿ (ಯುಟಿಸಿ) ಇರುವುದರಿಂದ ತಾರೀಖೇ ಅದಲುಬದಲಾಗುವ ಅಪಾಯವಿದೆ. ಟಿಪ್ಪಣಿಯ ಭಾಷೆ ಪರಿಭಾಷೆಯಿಂದ ತುಂಬಿ ಹೊಸಬರನ್ನು ಹೆದರಿಸುತ್ತದೆ. ಮೊಬೈಲ್ ಪರದೆಯಲ್ಲಿ ಸೌರ ಮಾರುತದ ನಕ್ಷೆಯನ್ನು ಕತ್ತಲಲ್ಲಿ, ಚಳಿಗೆ ಮರಗಟ್ಟಿದ ಬೆರಳಿನಿಂದ ಹಿಗ್ಗಿಸಿ ನೋಡುವುದು ನಿಜಕ್ಕೂ ಕಷ್ಟ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಇವುಗಳಿಗೆ, ಮುನ್ಸೂಚನೆ ತಪ್ಪಿದ ರಾತ್ರಿಗಳಿಗಲ್ಲ.

ಉಪಕರಣಗಳ ಮಟ್ಟಿಗೆ ಭರವಸೆ ಹೆಚ್ಚುತ್ತಿದೆ. 2024ರ ಜೂನ್‌ನಲ್ಲಿ ಹಾರಿದ ಗೋಸ್-19 ಉಪಗ್ರಹದಲ್ಲಿ ಹೊಸ ಕರೋನಾಗ್ರಾಫ್ ಇದೆ, 2025ರ ಸೆಪ್ಟೆಂಬರ್‌ನಲ್ಲಿ ಎಲ್1ಗೆಂದೇ ಮತ್ತೊಂದು ನೌಕೆ ಹೊರಟಿತು, ಮತ್ತು ಯುರೋಪಿನ ವಿಜಿಲ್ ನೌಕೆಯನ್ನು 2031ರಲ್ಲಿ ಉಡಾಯಿಸಿ ಎಲ್5 ಬಿಂದುವಿಗೆ ಕಳಿಸುವ ಯೋಜನೆಯಿದೆ. ಅಲ್ಲಿಂದ ಸೂರ್ಯ–ಭೂಮಿಯ ನಡುವಿನ ಹಾದಿ ಪಕ್ಕದಿಂದ ಕಾಣುವುದರಿಂದ, ಎದುರಿಗೇ ಬರುವ ಮೋಡದ ವೇಗವನ್ನು ಅಳೆಯುವ ತೊಡಕು ಬಹಳ ಮಟ್ಟಿಗೆ ಕಡಿಮೆಯಾಗಬೇಕು. ಬಿಝಡ್‌ನ ಪ್ರಶ್ನೆ ಆಗಲೂ ಉಳಿಯುತ್ತದೆ.

ಆ ಬರಿಗೈ ರಾತ್ರಿಯಾದ ಕೆಲವು ತಿಂಗಳ ಬಳಿಕ, ಟಿಪ್ಪಣಿಯಲ್ಲಿ ಸಾಧಾರಣ ನಿರೀಕ್ಷೆಯಷ್ಟೇ ಇದ್ದ ಒಂದು ಸಂಜೆ, ಮನೆಯಲ್ಲೇ ಕುಳಿತು ಕೆಂಪು ಗೆರೆಯನ್ನು ಗಮನಿಸುತ್ತಿದ್ದೆ. ಅದು ಸೊನ್ನೆಯನ್ನು ದಾಟಿ ಕೆಳಗಿಳಿಯಿತು, ಮೈನಸ್ ಹತ್ತು ನ್ಯಾನೊಟೆಸ್ಲಾ ಮುಟ್ಟಿತು, ಮತ್ತೆ ಮೇಲೇಳದೆ ಇನ್ನೂ ಕೆಳಗೆ ಹೋಯಿತು. ಹೊರಟು ಕತ್ತಲಿನ ಜಾಗ ತಲುಪುವ ಹೊತ್ತಿಗೆ ನಲವತ್ತು ನಿಮಿಷ ಕಳೆದಿತ್ತು. ಉತ್ತರದ ಅಂಚಿನಲ್ಲಿ ತೆಳು ಮೋಡದಂತೆ ಬೂದುಬಣ್ಣದ ಒಂದು ಪಟ್ಟಿ ಇತ್ತು. ಕ್ಯಾಮೆರಾ ಅದನ್ನು ಹಸಿರಾಗಿ ತೋರಿಸಿತು, ಸ್ವಲ್ಪ ಹೊತ್ತಿನಲ್ಲಿ ನನ್ನ ಕಣ್ಣೂ ತೋರಿಸಿತು.