ಸಂಜೆಯ ಹಸಿವಿಗೆ ಯಾವುದು: ಕಡಲೆಕಾಯಿಯೋ, ಬಾದಾಮಿಯೋ, ಗೋಡಂಬಿಯೋ?

ಇಲ್ಲಿ ಹೋಲಿಸಿರುವುದು ತೂಕ ಇಳಿಸಲು ಹೊರಟವರ ಸಂಜೆ ಐದರ ಹೊತ್ತಿನ ತಿಂಡಿಯನ್ನು ಮಾತ್ರ. ಕಾಫಿ ಜೊತೆ ಬಿಸ್ಕತ್ತು, ಮಿಕ್ಸ್ಚರ್ ತಿನ್ನುವ ಬದಲು ಬೀಜ ತಿಂದರೆ ರಾತ್ರಿ ಊಟದ ತನಕ ಹೊಟ್ಟೆ ತಡೆಯುತ್ತದೆಯೇ, ಇಷ್ಟೇ ಸಾಕು ಎಂದು ಕೈ ತಡೆಯಲು ಆಗುತ್ತದೆಯೇ, ಜೇಬಿಗೆ ಒಗ್ಗುತ್ತದೆಯೇ? ನೋಡಿದ್ದು ಈ ಮೂರನ್ನೇ. ಅಳತೆ ಎಲ್ಲಕ್ಕೂ ಒಂದೇ, ಹೆಚ್ಚುಕಡಿಮೆ 160 ಕ್ಯಾಲೊರಿ. ಅಂದರೆ ಸುಮಾರು 28 ಗ್ರಾಂ: ಬಾದಾಮಿಯಾದರೆ 23, ಇಡೀ ಗೋಡಂಬಿಯಾದರೆ 16ರಿಂದ 18, ಪಿಸ್ತಾ 49ರ ಆಸುಪಾಸು. ಅಕ್ರೋಟಿನಲ್ಲಿ ಎಣ್ಣೆಯಂಶ ಜಾಸ್ತಿ, 24 ಗ್ರಾಂಗೇ ಲೆಕ್ಕ ಮುಗಿಯುತ್ತದೆ.

ಮೊದಲ ಸ್ಥಾನ ಸಿಪ್ಪೆಸಹಿತ ಬೇಯಿಸಿದ ಕಡಲೆಕಾಯಿಗೆ, ಅನುಮಾನವೇ ಇಲ್ಲ. ಬೆಂದ ಕಾಳು ನೀರು ಕುಡಿದಿರುತ್ತದೆ. 100 ಗ್ರಾಂಗೆ ಸುಮಾರು 320 ಕ್ಯಾಲೊರಿ. ಹುರಿದದ್ದಕ್ಕೆ ಅದು 570 ದಾಟುತ್ತದೆ. ಹಾಗಾಗಿ ಅದೇ 160 ಕ್ಯಾಲೊರಿಗೆ ಬಿಡಿಸಿದ ಕಾಳು 50 ಗ್ರಾಂ ಸಿಗುತ್ತದೆ, ಹೊಟ್ಟೆಯೂ ತುಂಬುತ್ತದೆ. ಒಂದೊಂದನ್ನೇ ಒತ್ತಿ ಒಡೆದು ತಿನ್ನಬೇಕಾದ್ದರಿಂದ ಗಬಗಬನೆ ಮುಕ್ಕಲು ಸಾಧ್ಯವೇ ಇಲ್ಲ. ಅರ್ಧ ಕೆಜಿ ಹಸಿ ಕಾಯಿಯನ್ನು ಮಣ್ಣು ಹೋಗುವ ತನಕ ಮೂರ್ನಾಲ್ಕು ಸಲ ತೊಳೆದು, ಮುಳುಗುವಷ್ಟು ನೀರು, ಎರಡು ಟೀ ಚಮಚ ಕಲ್ಲುಪ್ಪು ಹಾಕಿ ಕುಕ್ಕರಿನಲ್ಲಿ ಮೂರ್ನಾಲ್ಕು ಸೀಟಿ ಕೂಗಿಸಿ. ಕಾಯಿ ತೇಲುತ್ತವೆ, ಮೇಲೊಂದು ತಟ್ಟೆ ಇಡದಿದ್ದರೆ ಮೇಲಿನ ಸಾಲು ಸಪ್ಪೆಯಾಗಿ ಉಳಿಯುತ್ತದೆ. ಬೆಂದ ಮೇಲೂ ಅರ್ಧ ಗಂಟೆ ಅದೇ ನೀರಿನಲ್ಲಿ ಬಿಟ್ಟರೆ ಉಪ್ಪು ಒಳಗಿಳಿಯುತ್ತದೆ. ಒಣಗಿದ ಕಾಯಿಯಾದರೆ ರಾತ್ರಿಯಿಡೀ ನೆನೆಸಿ, ಸೀಟಿ ದುಪ್ಪಟ್ಟು ಮಾಡಿ. ಇದರ ದೋಷವೆಂದರೆ ಬಾಳಿಕೆ ಇಲ್ಲ. ಉಳಿದದ್ದನ್ನು ನೀರು ಬಸಿದು ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಮುಗಿಸಬೇಕು. ಬಸವನಗುಡಿ ಪರಿಷೆಯ ಕಾರ್ತಿಕದ ದಿನಗಳಲ್ಲಿ ಬೀದಿ ತುಂಬ ಸಿಗುವ ಕಾಯಿ, ಬೇಸಿಗೆಯಲ್ಲಿ ಹುಡುಕಿದರೂ ಅಪರೂಪ.

ಆಗ ಹುರಿದದ್ದೇ ಗತಿ. ಸಿಪ್ಪೆ ಇರುವ ಹುರಿದ ಕಾಯಿ 40 ಗ್ರಾಂ ತಗೊಂಡರೆ ಬೀಜ ಸುಮಾರು 28 ಗ್ರಾಂ ಬರುತ್ತದೆ. ಬಿಡಿ ಬೀಜವನ್ನು ಮನೆಯಲ್ಲೇ ಹುರಿಯುವುದಾದರೆ ದಪ್ಪ ಬಾಣಲೆ, ಸಣ್ಣ ಉರಿ, ಹತ್ತು ಹನ್ನೆರಡು ನಿಮಿಷ. ಒಲೆ ಆರಿಸಿದ ಮೇಲೂ ಬಿಸಿಗೆ ಒಳಗೊಳಗೇ ಕಂದುತ್ತದೆ, ಹಾಗಾಗಿ ಬೇಕಾದ ಬಣ್ಣಕ್ಕಿಂತ ಸ್ವಲ್ಪ ಮೊದಲೇ ತಟ್ಟೆಗೆ ಹರಡಬೇಕು. ಕಾಂಗ್ರೆಸ್ ಕಡಲೆಬೀಜ ಮಾತ್ರ ಈ ಕೆಲಸಕ್ಕೆ ಬರುವುದಿಲ್ಲ. ರುಚಿಯಲ್ಲಿ ಅದನ್ನು ಮೀರಿಸುವುದು ಬೇರೊಂದಿಲ್ಲ ಬಿಡಿ, ಆದರೆ ಸಿಪ್ಪೆ ತೆಗೆದು ಎರಡು ಹೋಳು ಮಾಡಿದ ಬೀಜ, ಮೇಲೆ ಉಪ್ಪು, ಖಾರ, ಇಂಗು, ಎಣ್ಣೆ. ಪ್ರತಿ ಟೀ ಚಮಚ ಎಣ್ಣೆಗೆ 40 ಕ್ಯಾಲೊರಿ ಸೇರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಡಬ್ಬಿಯ ತಳ ಕಾಣುವವರೆಗೂ ನಿಲ್ಲಿಸಲು ಆಗದಿರುವುದು.

ಆಫೀಸಿಗೆ ಒಯ್ಯಲು ಬಾದಾಮಿ ಎಲ್ಲಕ್ಕಿಂತ ಅನುಕೂಲ. 28 ಗ್ರಾಂನಲ್ಲಿ ಪ್ರೊಟೀನ್ 6 ಗ್ರಾಂ, ನಾರು 3.5 ಗ್ರಾಂ. ಇನ್ನೊಂದು ಲಾಭ ಪ್ಯಾಕೆಟ್ಟಿನ ಮೇಲೆ ಕಾಣುವುದಿಲ್ಲ: ಇಡೀ ಹಸಿ ಬಾದಾಮಿಯ ಕೊಬ್ಬು ಜೀವಕೋಶಗಳ ಗೋಡೆಯೊಳಗೆ ಸಿಕ್ಕಿಕೊಂಡು ಒಂದಷ್ಟು ಜೀರ್ಣವಾಗದೆ ಹೊರಹೋಗುತ್ತದೆ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಅಳೆದಾಗ 28 ಗ್ರಾಂ ಬಾದಾಮಿಯಿಂದ ದೇಹಕ್ಕೆ ದಕ್ಕಿದ್ದು 130 ಕ್ಯಾಲೊರಿಯ ಆಸುಪಾಸು. ಹುರಿದರೆ, ಚೂರು ಮಾಡಿದರೆ ಈ ರಿಯಾಯಿತಿ ಕರಗುತ್ತಾ ಹೋಗುತ್ತದೆ. ನುಣ್ಣಗೆ ಅರೆದರೆ ಪೂರ್ತಿ ಇಲ್ಲ. ಬಾದಾಮಿ ಹಾಲು, ಪೀನಟ್ ಬಟರ್ ಈ ಹೋಲಿಕೆಯಲ್ಲಿ ಸೇರದಿರುವುದು ಅದಕ್ಕೇ. ನೆನೆಸಿ ಸಿಪ್ಪೆ ಸುಲಿಯುವ ಅಭ್ಯಾಸ ಬೇಡ ಎನ್ನುವುದಿಲ್ಲ, ಆದರೆ ಹಸಿವಿನ ದೃಷ್ಟಿಯಿಂದ ಅದು ನಷ್ಟ: ಮೆತ್ತಗಾಗಿ ಬೇಗ ಮುಗಿಯುತ್ತದೆ, ನಾರೂ ಸ್ವಲ್ಪ ಹೋಗುತ್ತದೆ.

ಪಿಸ್ತಾ ಚಿಪ್ಪಿನ ಸಮೇತ ಇದ್ದರೆ ಬಾದಾಮಿಗೆ ಸರಿಸಾಟಿ. ತಿಂದದ್ದೆಷ್ಟು ಎಂದು ಚಿಪ್ಪಿನ ರಾಶಿಯೇ ಹೇಳುತ್ತದೆ, ಅದಕ್ಕೆ ಚಿಪ್ಪನ್ನು ಊಟದ ತನಕ ಎತ್ತಬೇಡಿ. ಬೆಲೆ ಮತ್ತು ಉಪ್ಪು, ಎರಡೂ ಜಾಸ್ತಿ. ಗೋಡಂಬಿ ಕೊನೆಗೆ. 28 ಗ್ರಾಂನಲ್ಲಿ ನಾರು ಒಂದು ಗ್ರಾಂ ಕೂಡ ಇಲ್ಲ, ಹಲ್ಲಿಗೆ ಕೆಲಸವಿಲ್ಲ, ಏಳೂವರೆಗೇ ಮತ್ತೆ ಅಡುಗೆಮನೆಯ ಕಡೆ ಕಣ್ಣು. ಪಾಯಸದಲ್ಲಿ ಚೆನ್ನಾಗಿರುತ್ತದೆ. ಅಕ್ರೋಟು ಹೊಟ್ಟೆ ತಡೆಯುತ್ತದೆ, ಆದರೆ ಬೇಗ ಕಮಟು ಹಿಡಿಯುತ್ತದೆ. ಫ್ರಿಜ್ಜೇ ಅದರ ಜಾಗ.

ತೂಕ ಇಳಿಯದಿದ್ದರೆ ಕಾರಣ ಹೆಚ್ಚಾಗಿ ಬೀಜದಲ್ಲಿರುವುದಿಲ್ಲ. ಬಿಸ್ಕತ್ತನ್ನು ಬಿಡದೆ ಅದರ ಜೊತೆಗೆ ಬೀಜವನ್ನೂ ತಿಂದರೆ ದಿನಕ್ಕೆ 160 ಕ್ಯಾಲೊರಿ ಏರಿತು, ಅಷ್ಟೇ. ಡಬ್ಬಿಯಿಂದ ನೇರ ತಿನ್ನದೆ ಬಟ್ಟಲಿಗೆ ಅಳೆದು ಹಾಕಿ, ಡಬ್ಬಿಯನ್ನು ಮುಚ್ಚಿ ಒಳಗಿಟ್ಟು ಬಂದು ಕೂರಿ. ಆಕ್ಸಲೇಟ್ ಜಾತಿಯ ಮೂತ್ರಪಿಂಡದ ಕಲ್ಲು ಆದವರು ದಿನವೂ ಬಾದಾಮಿ ತಿನ್ನುವ ಮುನ್ನ ವೈದ್ಯರನ್ನು ಕೇಳಬೇಕು. ಕಡಲೆಬೀಜ ಮುಗ್ಗಲು ವಾಸನೆ ಬಂದರೆ, ಸುಕ್ಕುಗಟ್ಟಿ ಹಸಿರು ಬೂಷ್ಟು ಕಂಡರೆ ಹುರಿದು ಸರಿಮಾಡಲು ಹೋಗಬೇಡಿ. ಬೂಷ್ಟಿನ ಅಫ್ಲಾಟಾಕ್ಸಿನ್ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.