ಮಿನಿಯಾಪೊಲಿಸ್‌ನಲ್ಲಿ ಎಲೆಕ್ಟ್ರಿಕ್ ಕಾರಾ, ರೈಲಾ?

ಮಿನಿಯಾಪೊಲಿಸ್ ಇರುವ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಹಸಿರುಮನೆ ಅನಿಲ ಜಾಸ್ತಿ ಉಗುಳುವುದು ಸಾರಿಗೆಯೇ. ಅದನ್ನು ತಗ್ಗಿಸಲು ರಾಜ್ಯದ ಸಾರಿಗೆ ಇಲಾಖೆಗೊಂದು ಸಲಹಾ ಮಂಡಳಿ ಇದೆ. ಅದು ಎರಡೂ ದಾರಿ ಬೇಕೆನ್ನುತ್ತದೆ: ಕಾರುಗಳು ಎಲೆಕ್ಟ್ರಿಕ್ ಆಗಲಿ, ಕಾರಿನ ಓಡಾಟವೂ ಕಮ್ಮಿಯಾಗಲಿ. 2050ರೊಳಗೆ ವಾಹನಗಳ ತಲಾ ಓಡಾಟ ಶೇ. 20 ಇಳಿಸುವುದು ಇಲಾಖೆಯ ಗುರಿ.

ಈ ಊರಿಗೆ ಹೊಸದಾಗಿ ಬಂದಿರುವ ನಿಮಗೆ ಯಾವುದು ಸರಿ? ಎಲೆಕ್ಟ್ರಿಕ್ ಕಾರು ಹೊಗೆ ಬಿಡಲ್ಲ, ನಿಜ. ಆದರೆ ಜನವರಿ ಚಳಿಗೆ ಒಂದು ಚಾರ್ಜ್‌ನಲ್ಲಿ ಓಡುವ ದೂರ ಕುಗ್ಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಗ್ಯಾರೇಜ್ ಇಲ್ಲದಿದ್ದರೆ ಚಾರ್ಜಿಂಗಿಗೂ ಪರದಾಟ.

ಗ್ರೀನ್ ಲೈನ್ ರೈಲು 2014ರಿಂದ ಮಿನಿಯಾಪೊಲಿಸ್, ಪಕ್ಕದ ಸೇಂಟ್ ಪಾಲ್ ನಗರ ಎರಡನ್ನೂ ಜೋಡಿಸಿದೆ. ಸ್ಟೇಷನ್ನಿನಲ್ಲಿ ಗುಂಡಿ ಒತ್ತಿದರೆ ತಲೆ ಮೇಲಿನ ಹೀಟರ್ ಕೆಂಪಾಗುತ್ತದೆ, ಬೆರಳಿಗೆ ಜೀವ ಬರುತ್ತದೆ. ಹಳಿ ಹತ್ತಿರ ಮನೆ ಸಿಕ್ಕರೆ ನಾನಂತೂ ರೈಲೇ ಅನ್ನುತ್ತೇನೆ. ದೂರದ ಬಡಾವಣೆಯಾದರೆ ಎಲೆಕ್ಟ್ರಿಕ್ ಕಾರು ತಗೊಳ್ಳಿ.